ಫೈನಲ್ ಇಯರ್ ಪ್ರಾಜೆಕ್ಟ್: ಮೊದಲು ಮಂಡಿಗೆ ಹೋಗಿ, ಆಮೇಲೆ ಲ್ಯಾಪ್‌ಟಾಪ್ ತೆಗೆಯಿರಿ

ನನ್ನ ಬಿಸಿಎ ಪ್ರಾಜೆಕ್ಟನ್ನು ನಾನು ಮಾಡಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಿಂದ ಸಿಡಿಯಲ್ಲಿ ತಂದೆ. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್. ವೈವಾದಲ್ಲಿ ಎಕ್ಸ್‌ಟರ್ನಲ್ ಮೇಷ್ಟ್ರು ಒಂದು ಡ್ರಾಪ್‌ಡೌನ್ ತೆರೆದು, "ಏನಪ್ಪಾ, ನಿಮ್ಮ ಲೈಬ್ರರಿಯಲ್ಲಿ ಐಸಿಯು ವಾರ್ಡ್ ಬೇರೆ ಇದೆಯಾ?" ಎಂದರು. ಆಸ್ಪತ್ರೆ ಪ್ರಾಜೆಕ್ಟಿಗೆ ಹೆಸರು ಬದಲಿಸಿ ಮಾರಿದ್ದರು. ಪಾಸು ಮಾಡಿದ್ದು ಅವರ ದೊಡ್ಡ ಮನಸ್ಸು. ಈಗ ಕೋಲಾರದಲ್ಲಿ ನಾನೇ ಪ್ರಾಜೆಕ್ಟ್ ಗೈಡ್. ಕೊಂಡು ತಂದಿದ್ದು ಎದುರಿಗೆ ಬಂದರೆ ಐದು ನಿಮಿಷದಲ್ಲಿ ಮೂಗಿಗೆ ಬಡಿಯುತ್ತದೆ.

ವಿಷಯ ಆರಿಸುವಾಗ ನಾನು ಕೇಳುವುದು ಒಂದೇ: ಕೆಲಸ ಕೆಟ್ಟರೆ ನಿಮ್ಮನ್ನು ಬೈಯುವವರು ಯಾರು? ಹಾಸ್ಟೆಲ್ ಮ್ಯಾನೇಜ್‌ಮೆಂಟ್, ಅಟೆಂಡೆನ್ಸ್, ಚಾಟ್‌ಬಾಟ್ ಅಂದರೆ ಉತ್ತರ ಬರುವುದಿಲ್ಲ. ಯಾರೂ ಬೈಯದ ಪ್ರಾಜೆಕ್ಟನ್ನು ಯಾರೂ ಬಳಸುವುದೂ ಇಲ್ಲ.

ಒಂದು ವರ್ಷ ಮೂವರು ಹುಡುಗರು ಟೊಮೆಟೊ ಬೆಲೆ ಹೇಳುವ ಆ್ಯಪ್ ಮಾಡುತ್ತೇವೆ ಎಂದು ಬಂದರು. ಬೆಲೆ ಭವಿಷ್ಯ, ಹವಾಮಾನ, ಮ್ಯಾಪು, ಚಾಟು, ಎಲ್ಲ ಇತ್ತು ಪಟ್ಟಿಯಲ್ಲಿ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಕಂಡ ಊರು ಇದು. ಅದೇ ಬಾಕ್ಸನ್ನು ರಸ್ತೆಗೆ ಸುರಿದದ್ದನ್ನೂ ಕಂಡಿದೆ. ಇಲ್ಲಿ ಬೆಲೆ ಭವಿಷ್ಯ ಹೇಳುವ ಧೈರ್ಯ ನನಗಂತೂ ಇಲ್ಲ. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಬೆಳಗ್ಗೆ ಎಪಿಎಂಸಿ ಯಾರ್ಡಿಗೆ, ಅಂದರೆ ತರಕಾರಿ ಮಂಡಿಗೆ ಹೋಗಿ, ಹರಾಜು ಮುಗಿಯುವ ತನಕ ಸುಮ್ನೆ ನಿಂತು ಬನ್ನಿ ಎಂದೆ.

ಮುಳಬಾಗಿಲು ಕಡೆಯ ಒಬ್ಬ ರೈತರು ಸಿಕ್ಕರು. ಜೇಬಿನಲ್ಲಿ ಮಡಚಿದ ನೋಟ್‌ಬುಕ್. ಎಷ್ಟು ಬಾಕ್ಸು, ಯಾವ ರೇಟು, ಟೆಂಪೊ ಬಾಡಿಗೆ, ತೆಗೆದುಕೊಂಡ ಅಡ್ವಾನ್ಸು, ಎಲ್ಲ ಅದರಲ್ಲೇ. ಅವರಿಗೆ ಬೇಕಿದ್ದದ್ದು ಒಂದು ಉತ್ತರ: ಈ ಬೆಳೆಗೆ ಕೊನೆಗೆ ನನ್ನ ಕೈಗೆ ಎಷ್ಟು ಬಂತು? ಪ್ರಾಜೆಕ್ಟ್ ಅಷ್ಟೇ. ಉಳಿದ ಪಟ್ಟಿಯನ್ನು ಹರಿದು ಹಾಕಿಸಿದೆ.

ಚಿಕ್ಕದು ಅಂದರೆ ಸುಲಭ ಅಂತಲ್ಲ. ಹುಡುಗರು ಮೊದಲು ಒಂದು ಲೋಡಿಗೆ ಒಂದು ರೇಟು ಎಂದು ಟೇಬಲ್ ಮಾಡಿದರು. ಮಂಡಿಯಲ್ಲಿ 84 ಬಾಕ್ಸು ಹೋದರೆ 60 ಒಂದು ರೇಟಿಗೆ, ಸಣ್ಣ ಹಣ್ಣಿನ 24 ಇನ್ನೊಂದು ರೇಟಿಗೆ ಹೋಗುತ್ತದೆ. ಲೋಡಿಗೊಂದು ಟೇಬಲ್, ಅದರ ಕೆಳಗೆ ಒಂದೊಂದು ರೇಟಿನ ಸಾಲುಗಳಿಗೊಂದು ಟೇಬಲ್ ಬೇಕು. ಇದನ್ನು ಡಿಬಿಎಂಎಸ್ (ಡೇಟಾಬೇಸ್) ಪಾಠದಲ್ಲಿ ನಾನು ಮೂರು ಸಲ ಹೇಳಿದ್ದೆ. ತಲೆಗೆ ಹೋಗಿದ್ದು ಆ ನೋಟ್‌ಬುಕ್ ನೋಡಿದ ಮೇಲೆ. ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯಾಗಿ ಇಡಬೇಡಿ. ಕಂಪ್ಯೂಟರಿಗೆ 0.1 ಮತ್ತು 0.2 ಕೂಡಿಸಲು ಹೇಳಿ, 0.30000000000000004 ಅನ್ನುತ್ತದೆ. ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಟ್ಟು, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ನೆಟ್‌ವರ್ಕ್ ಇಲ್ಲದಿದ್ದರೂ ಎಂಟ್ರಿ ಆಗಬೇಕು. ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಬಂದಾಗ ಸರ್ವರಿಗೆ ಕಳಿಸಿ.

ಕನ್ನಡದ ವಿಷಯಕ್ಕೆ ಬರೋಣ. ಇಲ್ಲೇ ಜಾಸ್ತಿ ಜನ ಮುಗ್ಗರಿಸುವುದು. 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಡೇಟಾಬೇಸಿಗೆ ಹಾಕಿದರೆ, ವೆಬ್ ಪುಟದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ, ಟೇಬಲ್ ಅಕ್ಷರ ಉಳಿಸುವ ಬಗೆ (ಕ್ಯಾರೆಕ್ಟರ್ ಸೆಟ್) ಯುಟಿಎಫ್8ಎಂಬಿ4 ಇದೆಯಾ ನೋಡಿ. ಹಳೆಯ ವರ್ಷನ್‌ಗಳಲ್ಲಿ ತಾನಾಗಿ ಬರುತ್ತಿದ್ದದ್ದು ಲ್ಯಾಟಿನ್1. ಅದರಲ್ಲಿ ಕನ್ನಡ ಬರೀ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂರುತ್ತದೆ. ಇನ್ನೊಂದು: ಕಣ್ಣಿಗೆ 'ಶ್ರೀ' ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ನಾಲ್ಕು. ಹೆಸರಿನ ಮೊದಲ ಅಕ್ಷರ ಕತ್ತರಿಸಿ ತೋರಿಸುವ ಕೋಡ್ ಬರೆದರೆ ಶ್ರೀನಿವಾಸ ಬರೀ 'ಶ' ಆಗುತ್ತಾರೆ. ರಸೀದಿಯನ್ನು ಪಿಡಿಎಫ್ ಮಾಡುವಾಗಲೂ ಜೋಕೆ. ಅನೇಕ ಪಿಡಿಎಫ್ ಲೈಬ್ರರಿಗಳಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಪುಟವನ್ನು ಬ್ರೌಸರಿನಲ್ಲಿ ತೆರೆದು, ಅದರ ಪ್ರಿಂಟ್‌ನಿಂದಲೇ ಪಿಡಿಎಫ್ ಮಾಡಿದರೆ ಅಕ್ಷರ ಸರಿಯಾಗಿ ಕೂರುತ್ತದೆ.

ಪ್ರತಿ ವರ್ಷ ಇನ್ನೊಂದು ಗುಂಪು ಬಂದೇ ಬರುತ್ತದೆ: "ಸರ್, ಎಲೆ ರೋಗ ಪತ್ತೆ, ಡೀಪ್ ಲರ್ನಿಂಗ್." ಸಾವಿರಾರು ಫೋಟೋ ತೋರಿಸಿ ಕಂಪ್ಯೂಟರಿಗೆ ರೋಗ ಗುರುತಿಸಲು ಕಲಿಸುವುದು; ಹಾಗೆ ಕಲಿತದ್ದಕ್ಕೆ ಮಾಡೆಲ್ ಅನ್ನುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಎಲ್ಲರೂ ಇಳಿಸಿಕೊಳ್ಳುವುದು ಪ್ಲಾಂಟ್‌ವಿಲೇಜ್ ಎಂಬ ಒಂದೇ ಚಿತ್ರರಾಶಿಯನ್ನು. 54,306 ಫೋಟೋ, 14 ಬೆಳೆ, ಬೆಳೆ-ರೋಗ ಸೇರಿಸಿ 38 ವರ್ಗ. ಅದರಲ್ಲಿ ಟೊಮೆಟೊದ್ದೇ 10. ಒಂದೊಂದು ಎಲೆಯನ್ನೂ ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದ ಫೋಟೋಗಳು. 2016ರಲ್ಲಿ ಇದರ ಮೇಲೆ ನಡೆದ ಸಂಶೋಧನೆಯಲ್ಲಿ ಮಾಡೆಲ್ 99.35% ಸರಿ ಹೇಳಿತು. ಅದೇ ಮಾಡೆಲಿಗೆ ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ ಸುಮಾರು 31%ಕ್ಕೆ ಬಿತ್ತು. ನಮ್ಮ ಹುಡುಗಿಯರು 98% ಎಂದು ಕುಣಿಯುತ್ತಾ ಬಂದಾಗ ಟೇಕಲ್ ಕಡೆಯ ನಮ್ಮ ತೋಟಕ್ಕೇ ಕರೆದುಕೊಂಡು ಹೋದೆ. ಬಿಸಿಲು, ಕೆಂಪು ಮಣ್ಣು, ಎಲೆಯ ಹಿಂದೆ ಡ್ರಿಪ್ ಪೈಪು. ಮಾಡೆಲು ಆರೋಗ್ಯವಾಗಿದ್ದ ಎಲೆಗೂ ರೋಗ ಹಚ್ಚಿತು. ಅಪ್ಪ ನಕ್ಕರು.

ಈ ವಿಷಯವೇ ಬೇಕೆಂದರೆ ಹೀಗೆ ಮಾಡಿ. ಎರಡೇ ರೋಗ ಹಿಡಿಯಿರಿ. ಮೂರ್ನಾಲ್ಕು ತೋಟಗಳಲ್ಲಿ ನೀವೇ ಫೋಟೋ ತೆಗೆಯಿರಿ. ರೋಗ ಯಾವುದು ಎಂದು ತೋಟಗಾರಿಕೆ ತಿಳಿದವರಿಂದ ಬರೆಸಿಕೊಳ್ಳಿ, ನೀವೇ ಊಹಿಸಬೇಡಿ. ಒಂದು ತೋಟವನ್ನು ಪೂರ್ತಿಯಾಗಿ ಟೆಸ್ಟಿಗೆ ಮೀಸಲಿಡಿ. ಒಂದೇ ಗಿಡದ ಫೋಟೋ ತರಬೇತಿಯಲ್ಲೂ ಟೆಸ್ಟಿನಲ್ಲೂ ಇದ್ದರೆ, ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟ ಹಾಗಾಯಿತು. ಫೋಟೋ ತಿರುಗಿಸಿ, ಹಿಗ್ಗಿಸಿ ಹೆಚ್ಚು ಮಾಡುವ ಕೆಲಸವೂ ಹೀಗೆ ಬೇರ್ಪಡಿಸಿದ ಮೇಲೆಯೇ. ಕೊನೆಗೆ 64% ಬಂದರೂ ಹಾಗೇ ಬರೆಯಿರಿ. ನನ್ನಿಂದ ಅದಕ್ಕೆ ಹೆಚ್ಚು ಅಂಕ ಸಿಗುತ್ತದೆ.

ಹಾರ್ಡ್‌ವೇರ್ ಮಾಡುವವರಿಗೆ ಎರಡೇ ಮಾತು. ಮಣ್ಣಿನ ತೇವ ಅಳೆಯಲು ಕವಲಿನ ಹಾಗಿರುವ ಅಗ್ಗದ ಸೆನ್ಸರ್ ತಂದರೆ, ಕರೆಂಟ್ ಹರಿದು ಲೋಹ ತುಕ್ಕು ಹಿಡಿಯುತ್ತದೆ. ಲೋಹ ಮಣ್ಣಿಗೆ ನೇರವಾಗಿ ತಾಗದ ಕೆಪ್ಯಾಸಿಟಿವ್ ಸೆನ್ಸರ್ ತನ್ನಿ. ಇಎಸ್‌ಪಿ32 ಎಂಬ ವೈಫೈ ಇರುವ ಪುಟ್ಟ ಬೋರ್ಡ್ ಬಳಸಿದರೆ ಸೆನ್ಸರನ್ನು ಎಡಿಸಿ1ರ ಪಿನ್ನಿಗೇ ಹಾಕಿ. ಎಡಿಸಿ ಅಂದರೆ ಸೆನ್ಸರಿನ ವೋಲ್ಟೇಜನ್ನು ಸಂಖ್ಯೆ ಮಾಡುವ ಭಾಗ. ವೈಫೈ ಓಡುವಾಗ ಎಡಿಸಿ2 ಕೈಕೊಡುತ್ತದೆ.

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಮೊದಲ ದಿನದಿಂದಲೇ ಇರಲಿ. 'ಫೈನಲ್', 'ಫೈನಲ್2', 'ಒರಿಜಿನಲ್ ಫೈನಲ್' ಎಂಬ ಜಿಪ್ ಫೈಲುಗಳನ್ನು ನಾನು ತೆರೆಯುವುದಿಲ್ಲ. ಗುಂಪಿನಲ್ಲಿ ಯಾರು ಕೆಲಸ ಮಾಡಿದರು, ಯಾರು ಟೀ ಕುಡಿದರು ಎಂಬುದೂ ಕಮಿಟ್‌ಗಳಲ್ಲೇ, ಅಂದರೆ ಆ ದಾಖಲೆಗಳಲ್ಲೇ ಕಾಣುತ್ತದೆ. ಸೆಮಿಸ್ಟರಿನ ಆರನೇ ವಾರದೊಳಗೆ ಒಂದು ಸ್ಕ್ರೀನಾದರೂ ಆ ರೈತರ ಫೋನಿನಲ್ಲಿ ಓಡಬೇಕು. ಕೊನೆಯ ಮೂರು ವಾರ ಹೊಸ ಕೋಡ್ ಇಲ್ಲ. ರಿಪೋರ್ಟನ್ನು ವಾರಕ್ಕೆರಡು ಪುಟ ಬರೆಯುತ್ತಾ ಹೋಗಿ, ಸಾಕು.

ವೈವಾಕ್ಕೆ ಮೊದಲು ನಾನು ಒಂದು ಆಟ ಆಡಿಸುತ್ತೇನೆ. ಒಬ್ಬರು ಬರೆದ ಕೋಡಿನಿಂದ ಒಂದು ಸಾಲು ಅಳಿಸಿ, ಏನು ಕೆಡುತ್ತದೆ ಎಂದು ಇನ್ನೊಬ್ಬರನ್ನು ಕೇಳುತ್ತೇನೆ. ತಡವರಿಸಿದರೆ ಆ ಭಾಗವನ್ನು ಇಬ್ಬರೂ ಕೂತು ಓದಬೇಕು.

ಡೆಮೊ ದಿನ ಕಾಲೇಜಿನ ವೈಫೈ ನಂಬಬೇಡಿ, ಫೋನಿನ ಹಾಟ್‌ಸ್ಪಾಟ್ ಇಟ್ಟುಕೊಳ್ಳಿ. ಇಎಸ್‌ಪಿ32 ಇದ್ದರೆ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲೇ ಇರಬೇಕು, 5 ಅದಕ್ಕೆ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಗುಂಪು ಎಕ್ಸ್‌ಟರ್ನಲ್ ಎದುರು ನಲವತ್ತು ನಿಮಿಷ ಬೆವರಿತ್ತು. ಪಕ್ಕದಲ್ಲಿದ್ದ ನನಗೂ ಗೊತ್ತಿರಲಿಲ್ಲ. ಎಲ್ಲ ಸರಿಯಾಗಿ ಓಡಿದ ದಿನವೇ ಎರಡು ನಿಮಿಷದ ವಿಡಿಯೊ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಡಿ.