ಕುಟುಂಬ ಪತ್ರಿಕೆ ಮೊದಲು, ಸಮ್ಮಿಲನ ಆಮೇಲೆ

ಒಂದು ದಂಪತಿಗೆ ಮೂವರು ಮಕ್ಕಳು, ಅವರಲ್ಲಿ ಪ್ರತಿಯೊಬ್ಬರಿಗೂ ಮೂವರು ಮಕ್ಕಳು ಎಂದು ಲೆಕ್ಕ ಹಿಡಿದರೆ ಮೊಮ್ಮಕ್ಕಳು 9, ಮರಿಮಕ್ಕಳು 27. ನಡುವೆ ಬಂದ ಸೊಸೆ-ಅಳಿಯಂದಿರನ್ನೂ ಸೇರಿಸಿದರೆ ನಾಲ್ಕು ತಲೆಮಾರುಗಳಲ್ಲಿ ಆ ಬಳಗ 53 ಜನರದ್ದಾಗುತ್ತದೆ. ಅಜ್ಜ-ಅಜ್ಜಿ ಬದುಕಿರುವವರೆಗೆ ಅವರ ಮನೆಯೇ ಎಲ್ಲರೂ ಸೇರುವ ತಾಣವಾಗಿರುವುದರಿಂದ ಮೊಮ್ಮಕ್ಕಳಿಗೆ ಪರಸ್ಪರರ ಮುಖ ಪರಿಚಯವಿರುತ್ತದೆ. ಮರಿಮಕ್ಕಳಿಗೆ ಅಂಥ ತಾಣವಿಲ್ಲ. ಯಾರಾದರೂ ಮುತುವರ್ಜಿ ವಹಿಸದಿದ್ದರೆ ಅವರು ಒಂದೇ ಊರಿನಲ್ಲಿದ್ದರೂ ಅಪರಿಚಿತರಾಗಿಯೇ ಉಳಿಯುತ್ತಾರೆ.

ಮುತುವರ್ಜಿ ವಹಿಸುವ ಬಹುತೇಕ ಕುಟುಂಬಗಳು ನೇರವಾಗಿ ಸಮ್ಮಿಲನಕ್ಕೆ ಕೈಹಾಕುತ್ತವೆ. ಆದರೆ ಬಂಧುಗಳ ವಿಳಾಸಗಳೇ ಸರಿಯಾಗಿಲ್ಲದಾಗ, ಬಂದವರಿಗೆ ಪರಸ್ಪರರ ಬದುಕಿನ ಸುದ್ದಿಯೇ ಗೊತ್ತಿಲ್ಲದಾಗ, ಆ ದಿನವೆಲ್ಲ ಪರಿಚಯ ಹೇಳಿಕೊಳ್ಳುವುದರಲ್ಲಿಯೇ ಕಳೆದುಹೋಗುತ್ತದೆ. ಮೊದಲು ಬಂಧುಗಳ ದಾಖಲೆ, ಆನಂತರ ವರ್ಷಕಾಲ ಒಂದು ಚಿಕ್ಕ ಕುಟುಂಬ ಪತ್ರಿಕೆ, ಅದರ ಬಲದ ಮೇಲೆ ಸಮ್ಮಿಲನ ಎಂಬ ಕ್ರಮವೇ ಮೇಲು.

ದಾಖಲೆಯ ಪುಸ್ತಕ

ಪ್ರತಿಯೊಂದು ಕವಲಿನಿಂದ ಒಬ್ಬರನ್ನು ಪ್ರತಿನಿಧಿಯಾಗಿ ಆರಿಸಿಕೊಳ್ಳಿ. ಹೆಸರು, ಮನೆಯಲ್ಲಿ ಕರೆಯುವ ಹೆಸರು, ತಂದೆ-ತಾಯಿ, ಸಂಗಾತಿ, ಹುಟ್ಟಿದ ವರ್ಷ, ಅಂಚೆ ವಿಳಾಸ, ದೂರವಾಣಿ, ಇಮೇಲ್, ಪತ್ರಿಕೆ ಯಾವ ರೂಪದಲ್ಲಿ ಬೇಕು ಎಂಬಿಷ್ಟು ವಿವರಗಳನ್ನು ಅವರು ತಮ್ಮ ಕವಲಿನಿಂದ ಸಂಗ್ರಹಿಸಲಿ. ಹೆಣ್ಣುಮಕ್ಕಳ ಕವಲುಗಳನ್ನು ಬಿಟ್ಟು ಗಂಡುಮಕ್ಕಳ ಸಾಲನ್ನಷ್ಟೇ ಬರೆದ ವಂಶಾವಳಿ ಅರ್ಧ ಕುಟುಂಬದ್ದು. ಅಂಥ ಹಳೆಯ ಪಟ್ಟಿ ಸಿಕ್ಕಿದರೆ ಅದನ್ನು ಪೂರ್ಣಗೊಳಿಸುವುದೇ ಮೊದಲ ಕೆಲಸವಾಗಬೇಕು.

ಒಂದೇ ಹೆಸರಿನವರು ಮೂರು ತಲೆಮಾರುಗಳಲ್ಲಿ ಸಿಗುವುದು ಸಾಮಾನ್ಯವಾದ್ದರಿಂದ ಎಲ್ಲರಿಗೂ ಸಂಖ್ಯೆ ಕೊಡುವುದು ಅಗತ್ಯ. ಫ್ರಾನ್ಸಿನ ಜಾಕ್ ದಾಬೋವಿಲ್ 1940ರಲ್ಲಿ ರೂಪಿಸಿದ ಕ್ರಮ ಇದಕ್ಕೆ ಬಹಳ ಅನುಕೂಲಕರ. ಮೂಲಪುರುಷ ಅಥವಾ ಮೂಲಸ್ತ್ರೀಗೆ 1, ಅವರ ಮಕ್ಕಳಿಗೆ ವಯಸ್ಸಿನ ಕ್ರಮದಲ್ಲಿ 1.1, 1.2, 1.3, ಎರಡನೆಯ ಮಗುವಿನ ಮೂರನೆಯ ಮಗುವಿಗೆ 1.2.3. ಹೀಗೆ ಬರೆದರೆ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ತಲೆಮಾರು, ಕವಲು ಎರಡೂ ತಿಳಿಯುತ್ತವೆ. ವಂಶವೃಕ್ಷದ ತಂತ್ರಾಂಶ ಬಳಸುವವರು ಜೆಡ್‌ಕಾಮ್ (GEDCOM) ಮಾದರಿಯ ಕಡತವೊಂದನ್ನೂ ಉಳಿಸಿಕೊಳ್ಳಲಿ. 1984ರಲ್ಲಿ ಬಳಕೆಗೆ ಬಂದ ಈ ಮಾದರಿಯನ್ನು ಹೆಚ್ಚಿನ ವಂಶಾವಳಿ ತಂತ್ರಾಂಶಗಳು ಓದಬಲ್ಲವು, ಆದ್ದರಿಂದ ನಾಳೆ ತಂತ್ರಾಂಶ ಬದಲಾದರೂ ಮಾಹಿತಿ ಕಳೆದುಹೋಗುವುದಿಲ್ಲ.

ಪತ್ರಿಕೆ

ವಾಟ್ಸ್ಆ್ಯಪ್ ಗುಂಪು ಇರುವಾಗ ಪತ್ರಿಕೆ ಏಕೆ ಎಂದು ಕೇಳುವವರಿದ್ದಾರೆ. ತುರ್ತು ಸುದ್ದಿಗೆ ಗುಂಪೇ ಸರಿ. ಆದರೆ ಅಲ್ಲಿ ನಿನ್ನೆಯ ಸುದ್ದಿಯನ್ನು ಇಂದಿನ ಶುಭಾಶಯಗಳು ಮುಚ್ಚಿಹಾಕುತ್ತವೆ. ಮೊಬೈಲ್ ಬಳಸದ ಹಿರಿಯರು ಹೊರಗುಳಿಯುತ್ತಾರೆ. ಐದು ವರ್ಷಗಳ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ. ಪತ್ರಿಕೆ ಕೈಯಲ್ಲಿ ಹಿಡಿದು ಓದುವಂಥದ್ದು, ಕಪಾಟಿನಲ್ಲಿ ಉಳಿಯುವಂಥದ್ದು.

ಒಂದು ಎ3 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಎ4 ಪುಟಗಳಾಗುತ್ತವೆ, ಆರಂಭಕ್ಕೆ ಅಷ್ಟು ಸಾಕು. ವರ್ಷಕ್ಕೆ ನಾಲ್ಕು ಸಂಚಿಕೆ ಸಾಧ್ಯವಾಗದಿದ್ದರೆ ಎರಡೇ ಇರಲಿ, ಆದರೆ ಹೇಳಿದ ತಿಂಗಳಲ್ಲಿ ತಪ್ಪದೆ ಬರಲಿ. ಅಕ್ಷರಗಳು 14 ಪಾಯಿಂಟ್ ಗಾತ್ರಕ್ಕಿಂತ ಚಿಕ್ಕದಾಗದಿದ್ದರೆ ಹಿರಿಯರಿಗೆ ಓದುವುದು ಸುಲಭ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿದರೆ ಯಾವ ಮೊಬೈಲ್‌ನಲ್ಲಿಯೂ ಅಕ್ಷರಗಳು ಕೆಡದೆ ಕಾಣುತ್ತವೆ. ಇಮೇಲ್‌ನಲ್ಲಿ ಕಳುಹಿಸುವಾಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ವಿಳಾಸಗಳನ್ನು ಬಿಸಿಸಿ (Bcc) ಸಾಲಿನಲ್ಲಿ ಹಾಕಬೇಕು.

ಕಷ್ಟವಿರುವುದು ಸುದ್ದಿ ಸಂಗ್ರಹದಲ್ಲಿ. “ಎಲ್ಲರೂ ಬರೆದು ಕಳುಹಿಸಿ” ಎಂಬ ಮನವಿಗೆ ಉತ್ತರ ಬರುವುದು ಅಪರೂಪ, ಏಕೆಂದರೆ ತಮ್ಮ ಬದುಕಿನಲ್ಲಿ ಬರೆಯುವಂಥದ್ದೇನಿದೆ ಎಂಬ ಸಂಕೋಚ ಹೆಚ್ಚಿನವರಿಗೆ ಇರುತ್ತದೆ. ಆದ್ದರಿಂದ ಸಂಪಾದಕರೇ ಫೋನ್ ಮಾಡಬೇಕು, ಖಚಿತವಾದ ಪ್ರಶ್ನೆ ಕೇಳಬೇಕು. “ಹೇಗಿದ್ದೀರಿ” ಎಂದರೆ “ಚೆನ್ನಾಗಿದ್ದೇವೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮೊದಲ ಸಂಬಳದಲ್ಲಿ ಏನು ಕೊಂಡಿರಿ, ನಿಮ್ಮ ತಾಯಿ ಕೋಪ ಬಂದಾಗ ಏನು ಹೇಳುತ್ತಿದ್ದರು, ಹೊಸ ಮನೆಯಲ್ಲಿ ನೆರೆಯವರು ಯಾರು ಎಂದು ಕೇಳಿದರೆ ಅರ್ಧ ಗಂಟೆಯ ಮಾತು ಹೊರಡುತ್ತದೆ. ಒಪ್ಪಿಗೆ ಪಡೆದು ಅದನ್ನು ಧ್ವನಿಮುದ್ರಿಸಿಕೊಂಡು, ಅವರು ಆಡಿದ ಮಾತಿನ ಧಾಟಿಯನ್ನು ಕೆಡಿಸದೆ ಬರೆದುಕೊಡಿ. ಧ್ವನಿಮುದ್ರಣವನ್ನು ಅಳಿಸಬೇಡಿ, ಮುಂದೊಂದು ದಿನ ಆ ದನಿಗೆ ಲೇಖನಕ್ಕಿಂತ ಹೆಚ್ಚಿನ ಬೆಲೆ ಬರುತ್ತದೆ.

ಪರೀಕ್ಷೆಯ ಅಂಕ, ಬಡ್ತಿ, ಹೊಸ ಮನೆ, ವಿದೇಶ ಪ್ರಯಾಣ, ಇವೇ ಪುಟ ತುಂಬಿದರೆ ಪತ್ರಿಕೆ ಸ್ಪರ್ಧೆಯ ಅಂಕಪಟ್ಟಿಯಾಗುತ್ತದೆ. ಕಷ್ಟದ ದಿನಗಳಲ್ಲಿರುವವರು ಮೌನವಾಗಿ ದೂರ ಸರಿಯುತ್ತಾರೆ. ಅವರನ್ನು ಉಳಿಸಿಕೊಳ್ಳುವುದಕ್ಕೆಂದೇ ಪತ್ರಿಕೆ ಇರುವುದು ಎಂಬುದನ್ನು ಸಂಪಾದಕರು ಮರೆಯಬಾರದು. ಯಾರೋ ನೆಟ್ಟ ಗಿಡ, ಮಗುವೊಂದು ಬರೆದ ಚಿತ್ರ, ಕಲಿಯುತ್ತಿರುವ ವಾದ್ಯ, ಸಾಕುನಾಯಿಯ ಸಾವು ಇವೆಲ್ಲವೂ ಸುದ್ದಿಯೇ.

ಅತಿ ಹೆಚ್ಚು ಪ್ರತಿಕ್ರಿಯೆ ತರುವುದು ಹಳೆಯ ಛಾಯಾಚಿತ್ರ. ಗುರುತು ಸಿಗದ ಮುಖಗಳಿರುವ ಚಿತ್ರವೊಂದನ್ನು ಆರಿಸಿ, ಪ್ರತಿ ಮುಖಕ್ಕೂ ಸಂಖ್ಯೆ ಹಾಕಿ ಪ್ರಕಟಿಸಿ, ಬಂದ ಉತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ಕೊಡಿ. ಚಿಕ್ಕ ಚಿತ್ರಗಳನ್ನು 600 ಡಿಪಿಐನಲ್ಲಿ (ಅಂದರೆ ಇಂಚಿಗೆ 600 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರೆ ಹಿಗ್ಗಿಸಿದರೂ ಸ್ಪಷ್ಟತೆ ಉಳಿಯುತ್ತದೆ. ಮುದ್ರಣಕ್ಕೆ 300 ಡಿಪಿಐ ಸಾಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗುವುದರಿಂದ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಮೂಲ ಚಿತ್ರದ ಹಿಂಬದಿಯಲ್ಲಿ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್ ಬಳಸಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಗೀರಾಗಿ ಮೂಡುತ್ತದೆ.

ಕಾಯಿಲೆ, ಗರ್ಭಧಾರಣೆ, ವಿಚ್ಛೇದನ, ಕೆಲಸ ಕಳೆದುಕೊಂಡದ್ದು ಮುಂತಾದ ಸಂಗತಿಗಳನ್ನು ಆಯಾ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅಚ್ಚು ಹಾಕಕೂಡದು, ಅವರ ತಾಯಿಯೇ ಹೇಳಿದ ಸುದ್ದಿಯಾದರೂ ಸರಿ. ಹುಟ್ಟುಹಬ್ಬದ ದಿನ, ತಿಂಗಳು ಇದ್ದರೆ ಸಾಕು. ವರ್ಷವನ್ನೂ ಸೇರಿಸಿದ ಪೂರ್ಣ ಜನ್ಮದಿನಾಂಕ ವಂಚಕರಿಗೆ ಉಪಯುಕ್ತ ಮಾಹಿತಿ. ಮುಂಬರುವ ಪ್ರವಾಸದ ದಿನಾಂಕಗಳೂ ಬೇಡ. ಆಸ್ತಿಯ ತಕರಾರಿಗೆ ಈ ಪುಟಗಳಲ್ಲಿ ಜಾಗವೇ ಇರಬಾರದು.

ಸಮ್ಮಿಲನ

ಮೂರು-ನಾಲ್ಕು ಸಂಚಿಕೆಗಳು ಹೊರಬಂದ ಮೇಲೆ ಸಮ್ಮಿಲನದ ಮಾತೆತ್ತಬಹುದು. ದೂರದವರು ರಜೆ, ಪ್ರಯಾಣದ ಏರ್ಪಾಡು ಮಾಡಿಕೊಳ್ಳಬೇಕಾದ್ದರಿಂದ 9ರಿಂದ 12 ತಿಂಗಳು ಮೊದಲೇ ದಿನಾಂಕ ತಿಳಿಸಬೇಕು. “ನಿಮಗೆ ಯಾವಾಗ ಅನುಕೂಲ” ಎಂದು ಎಲ್ಲರನ್ನೂ ಕೇಳುತ್ತ ಹೋದರೆ ನಿರ್ಧಾರವಾಗುವುದಿಲ್ಲ. ಎರಡು ದಿನಾಂಕಗಳನ್ನು ಮುಂದಿಟ್ಟು, ಬಹುಮತದಂತೆ ನಿಶ್ಚಯಿಸಿ. ಆಹ್ವಾನ ದಾಖಲೆಯಲ್ಲಿರುವ ಪ್ರತಿಯೊಬ್ಬರಿಗೂ ಹೋಗಲಿ. ಮಾತು ಬಿಟ್ಟವರು ಬರಲಾರರು ಎಂದು ಅವರ ಪರವಾಗಿ ನಾವೇ ತೀರ್ಮಾನಿಸುವುದು ಸರಿಯಲ್ಲ.

ಯಾರದಾದರೂ ಮನೆಯಲ್ಲಿ ನಡೆಸಿದರೆ ಆ ಮನೆಯವರು ದಿನವಿಡೀ ಉಪಚಾರದಲ್ಲಿಯೇ ಕಳೆಯುತ್ತಾರೆ, ಆದ್ದರಿಂದ ಬೇರೆ ಸ್ಥಳವೇ ಒಳ್ಳೆಯದು. ಸ್ಥಳವನ್ನು ಮುಂಚಿತವಾಗಿ ಹೋಗಿ ನೋಡಿ: ಮೆಟ್ಟಿಲುಗಳೆಷ್ಟು, ಶೌಚಾಲಯ ಎಷ್ಟು ದೂರ, ಗಾಲಿಕುರ್ಚಿ ಹೋಗುತ್ತದೆಯೇ, ಮಗುವನ್ನು ಮಲಗಿಸಲು ಸದ್ದಿಲ್ಲದ ಕೋಣೆಯಿದೆಯೇ. ಖರ್ಚನ್ನು ವಯಸ್ಕರ ಲೆಕ್ಕದಲ್ಲಿ ಹಂಚಿಕೊಳ್ಳುವುದು ನ್ಯಾಯ. ಕೊಡಲಾಗದವರಿಗಾಗಿ ಇರುವ ನಿಧಿಯ ವಿಷಯ ಖಜಾಂಚಿಯೊಬ್ಬರಿಗೆ ಮಾತ್ರ ಗೊತ್ತಿರಲಿ.

ಎದೆಗೆ ಸಿಕ್ಕಿಸಿಕೊಳ್ಳುವ ಹೆಸರಿನ ಚೀಟಿಗಳನ್ನು ಕವಲಿಗೊಂದು ಬಣ್ಣದಲ್ಲಿ ಮಾಡಿ, ಹೆಸರಿನ ಕೆಳಗೆ ತಂದೆ ಅಥವಾ ತಾಯಿಯ ಹೆಸರನ್ನೂ ಬರೆಯಿರಿ. ಯಾರ ಮಗ ಎಂದು ತಿಳಿದ ಕೂಡಲೇ ಹಿರಿಯರಿಗೆ ಮಾತು ತಾನಾಗಿ ಬರುತ್ತದೆ. ಗೋಡೆಯ ಮೇಲೆ ದೊಡ್ಡ ವಂಶವೃಕ್ಷ ತೂಗುಹಾಕಿ, ತಪ್ಪು ತಿದ್ದಲು ಪೆನ್ನುಗಳನ್ನು ಪಕ್ಕದಲ್ಲಿಡಿ. ಹಳೆಯ ಆಲ್ಬಂಗಳನ್ನು ಅಲ್ಲಿಯೇ ಸ್ಕ್ಯಾನ್ ಮಾಡಿ ಆ ದಿನವೇ ಹಿಂದಿರುಗಿಸಿದರೆ ಮಾಲೀಕರು ನಿಶ್ಚಿಂತೆಯಿಂದ ತರುತ್ತಾರೆ. ಗುಂಪುಚಿತ್ರವನ್ನು ಕೆಲವರು ಹೊರಡುವ ಮೊದಲೇ ತೆಗೆಯಬೇಕು. ಭಾಷಣಗಳನ್ನು ಕಡಿಮೆ ಮಾಡಿ, ದಿನದ ಅರ್ಧದಷ್ಟನ್ನಾದರೂ ಬರಿಯ ಮಾತುಕತೆಗೆ ಬಿಡುವುದು ಅತ್ಯಂತ ಮುಖ್ಯ. ಬರಲಾಗದವರಿಗೆ, ಅವರ ಊರಿನ ಹೊತ್ತನ್ನು ನೋಡಿಕೊಂಡು, ನಿಗದಿತ ಸಮಯದಲ್ಲಿ ವಿಡಿಯೊ ಕರೆ ಮಾಡಿ ಒಬ್ಬೊಬ್ಬರೊಡನೆ ಮಾತನಾಡಿಸಿ. ದಿನವಿಡೀ ಕ್ಯಾಮೆರಾ ತೆರೆದಿಡುವುದಕ್ಕಿಂತ ಅದು ಅವರಿಗೆ ಹೆಚ್ಚು ಹಿತವೆನಿಸುತ್ತದೆ.

ಎರಡು ವಾರಗಳೊಳಗೆ, ನೆನಪು ಹಸಿಯಾಗಿರುವಾಗಲೇ, ವಿಶೇಷ ಸಂಚಿಕೆ ಹೊರತನ್ನಿ. ಹೆಸರುಗಳ ಸಮೇತ ಗುಂಪುಚಿತ್ರ, ಖರ್ಚುವೆಚ್ಚದ ಲೆಕ್ಕ, ವಂಶವೃಕ್ಷದ ತಿದ್ದುಪಡಿಗಳು ಅದರಲ್ಲಿರಲಿ. ಸಂಪಾದಕರ ಅವಧಿಯನ್ನು ಎರಡು ವರ್ಷಕ್ಕೆ ಸೀಮಿತಗೊಳಿಸಿ, ಮುಂದಿನವರ ಹೆಸರನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸಿ. ದಾಖಲೆ, ಚಿತ್ರ, ಧ್ವನಿಮುದ್ರಣಗಳ ಒಂದೊಂದು ಪೂರ್ಣ ಪ್ರತಿ ಬೇರೆ ಬೇರೆ ಊರುಗಳ ಎರಡು ಮನೆಗಳಲ್ಲಾದರೂ ಇರುವಂತೆ ನೋಡಿಕೊಳ್ಳಿ.