ಹೊಸ ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಪವರ್ ಸಪ್ಲೈ ಆರಿಸುವ ಬಗೆ

ಹಳೆಯ ಕಂಪ್ಯೂಟರಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್ ಹಾಕಬೇಕೆಂದಿರುವವರು ಮೊದಲು ಕ್ಯಾಬಿನೆಟ್ ತೆರೆದು ಪವರ್ ಸಪ್ಲೈ ಮೇಲಿನ ಲೇಬಲ್ ಓದಬೇಕು. ಅಲ್ಲಿ ದಪ್ಪಕ್ಷರದಲ್ಲಿರುವ ಒಟ್ಟು ವ್ಯಾಟಿಗಿಂತ 12 ವೋಲ್ಟ್ ಸಾಲಿನ (12 ವೋಲ್ಟ್ ವಿದ್ಯುತ್ ಕೊಡುವ ತಂತಿಗಳ) ಆಂಪಿಯರ್ ಮುಖ್ಯ. ಏಕೆಂದರೆ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಬಹುತೇಕ ಅದರಿಂದಲೇ ವಿದ್ಯುತ್ ಪಡೆಯುತ್ತವೆ. ಆ ಸಾಲಿನಲ್ಲಿ 30 ಆಂಪಿಯರ್ ಮಾತ್ರ ಇದ್ದರೆ, ಮೇಲೆ 500 ಎಂದು ಬರೆದಿದ್ದರೂ ನಿಜವಾಗಿ ಕೆಲಸಕ್ಕೆ ಬರುವುದು 12 × 30, ಅಂದರೆ 360 ವ್ಯಾಟ್.

ಈ ಕಾರ್ಡಿಗೆ 170 ವ್ಯಾಟ್ ಬೇಕು. 65 ವ್ಯಾಟ್ ವರ್ಗದ ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ಹೆಚ್ಚು ಎಳೆಯುವುದರಿಂದ ಅದಕ್ಕೆ 120, ಉಳಿದ ಭಾಗಗಳಿಗೆ 50 ಎಂದು ಹಿಡಿದರೆ ಮೊತ್ತ 340 ಆಗುತ್ತದೆ. ಆದರೂ ಎನ್‌ವಿಡಿಯಾ 550 ವ್ಯಾಟ್ ಸೂಚಿಸುವುದು ಅತಿಯಲ್ಲ: ಕಾರ್ಡಿನ ಬಳಕೆ ಕ್ಷಣಮಾತ್ರಕ್ಕೆ ಸರಾಸರಿಯನ್ನು ಮೀರಿ ಜಿಗಿಯುತ್ತದೆ, ಆಗ ಬಡ ಪವರ್ ಸಪ್ಲೈ ಆಟದ ನಡುವೆಯೇ ಕಂಪ್ಯೂಟರನ್ನು ಆರಿಸಿಬಿಡುತ್ತದೆ.

ಕನೆಕ್ಟರುಗಳನ್ನೂ ನೋಡಿಕೊಳ್ಳಿ. ಕಾರ್ಡಿಗೆ ಮದರ್‌ಬೋರ್ಡಿನ ಸ್ಲಾಟಿನಿಂದ ಗರಿಷ್ಠ 75, ಪವರ್ ಸಪ್ಲೈನಿಂದ ಬರುವ 6 ಪಿನ್ ಪ್ಲಗ್ಗಿನಿಂದ 75, 8 ಪಿನ್ನಿನಿಂದ 150 ವ್ಯಾಟ್ ಸಿಗುತ್ತದೆ. ಪ್ರೊಸೆಸರಿನ 8 ಪಿನ್ ಪ್ಲಗ್ ನೋಡಲು ಹಾಗೆಯೇ ಇದ್ದರೂ ತಂತಿಗಳ ಜೋಡಣೆ ಬೇರೆ, ಬಲವಂತವಾಗಿ ತುರುಕಬಾರದು. ಅಂದಹಾಗೆ, ಪವರ್ ಸಪ್ಲೈ ಮೇಲಿನ 80 ಪ್ಲಸ್ ಚಿಹ್ನೆ ದಕ್ಷತೆಯನ್ನಷ್ಟೇ ಹೇಳುತ್ತದೆ, ಸಾಮರ್ಥ್ಯವನ್ನಲ್ಲ.