ಆ ಬಟ್ಟೆ ಒಗೆಯಬೇಡಿ
ಮೂಡಿಗೆರೆ ಕಡೆಯ ತೋಟದ ಮನೆಗೆ ಯಾರೋ ನುಗ್ಗಿ ಕೈಕೈ ಮಿಲಾಯಿಸಿದರು ಅಂದುಕೊಳ್ಳಿ. ಮೊದಲು 112ಕ್ಕೆ ಫೋನ್ ಮಾಡಿ. ಹಾಕಿಕೊಂಡಿದ್ದ ಬಟ್ಟೆ ಒಗೆಯಬೇಡಿ, ಸುಮ್ನೆ ಕೊಡವಲೂ ಬೇಡಿ, ಯಾಕಂದ್ರೆ ಅವನ ಸ್ವೆಟರ್ ಎಳೆಗಳು ನಿಮ್ಮ ಬಟ್ಟೆಗೆ ಅಂಟಿರಬಹುದು, ಅವೇ ಸಾಕ್ಷಿ, ಓಡಾಡುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ಮುಕ್ಕಾಲು ಪಾಲು ಉದುರಿಹೋಗುತ್ತವೆ.

ದೊಡ್ಡ ಬಿಳಿ ಕಾಗದದ ಮೇಲೆ ನಿಂತು ಬಟ್ಟೆ ಬಿಚ್ಚಿ. ಆ ಕಾಗದವನ್ನೂ ಮಡಚಿಡಿ. ಒಂದೊಂದು ಬಟ್ಟೆಗೂ ಬೇರೆ ಕಾಗದದ ಚೀಲ. ಪ್ಲಾಸ್ಟಿಕ್ ಬೇಡವೇ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಮೈಕ್ರೋಸ್ಕೋಪಿನಲ್ಲಿ ಉಣ್ಣೆ ಎಳೆ ಹೆಂಚು ಹೊದಿಸಿದ ಹಾಗೆ ಪದರಪದರವಾಗಿ ಕಾಣುತ್ತದೆ, ಪಾಲಿಯೆಸ್ಟರ್ ನುಣ್ಣಗಿರುತ್ತದೆ. ಬಿಳಿ ಹತ್ತಿ, ನೀಲಿ ಜೀನ್ಸ್ ಎಳೆಗೆ ಬೆಲೆ ಕಮ್ಮಿ, ಎಲ್ಲರ ಮೈಮೇಲೂ ಇರುತ್ತದೆ ಅಲ್ವಾ? ಅಪರೂಪದ ಬಣ್ಣದ ಎಳೆ ಸಿಕ್ಕರೆ ಕೇಸಿಗೆ ಬಲ ಜಾಸ್ತಿ. ಆದರೂ ಅದು ಅಂಥದ್ದೇ ಬಟ್ಟೆ ಅನ್ನುತ್ತದೆ, ಇಂಥವನೇ ಅನ್ನುವುದಿಲ್ಲ.